ಅಪ್‌ಡೇಟಿಗಾಗಿ ಕಂಪ್ಯೂಟರ್ ನಿಲ್ಲಿಸಲೇಬೇಕೇ? – ತಿಕೋಟಾದ ಕಡೆ ಕಲಿತ ಒಂದು ಪಾಠ



ಕಳೆದ ಮಾರ್ಚ್ ತಿಂಗಳ ಕಡೆಯ ವಾರದಲ್ಲಿ ನಮ್ಮ ಸಂಘದ ಅಧ್ಯಯನ ತಂಡವು ವಿಜಯಪುರ ಜಿಲ್ಲೆಗೆ ಹೋಗಿ ಬಂದಿತು. ಕಾಫಿ, ಅಡಿಕೆ ಬೆಳೆಯುವ ನಮಗೆ ದ್ರಾಕ್ಷಿಯ ಸೀಮೆಯಲ್ಲಿ ಏನು ಕೆಲಸವೆಂದು ಕೆಲವರು ಕೇಳಿದ್ದುಂಟು. ಕಡಿಮೆ ನೀರಿನಲ್ಲಿ ತೋಟ ಉಳಿಸಿಕೊಳ್ಳುವ ಬಗೆಯನ್ನು ನೋಡುವುದು, ಒಣದ್ರಾಕ್ಷಿಯನ್ನು ನೆರಳಿನ ಶೆಡ್ಡುಗಳಲ್ಲಿ ಒಣಗಿಸಿ ಕಾಪಿಡುವ ಕ್ರಮವನ್ನು ತಿಳಿಯುವುದು ನಮ್ಮ ಉದ್ದೇಶವಾಗಿತ್ತು. ಆ ವಿವರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಅಲ್ಲಿ ಅನಿರೀಕ್ಷಿತವಾಗಿ ದೊರೆತ ಇನ್ನೊಂದು ಪಾಠವನ್ನು ಈ ಸಲ ಓದುಗರ ಮುಂದಿಡುತ್ತೇವೆ. ಅದು ನೀರಿನ ಪಾಠವಲ್ಲ, ಕಂಪ್ಯೂಟರಿನ ಪಾಠ.

ನಮ್ಮ ಸದಸ್ಯರಿಂದ ಬರುವ ಪತ್ರಗಳಲ್ಲಿ ಈಚೆಗೆ ಒಂದು ದೂರು ಮತ್ತೆ ಮತ್ತೆ ಕಾಣುತ್ತಿದೆ. "ಕಂಪ್ಯೂಟರ್ ಅಪ್‌ಡೇಟ್ ಎನ್ನುತ್ತದೆ. ಅಪ್‌ಡೇಟ್ ಆದ ಮೇಲೆ ರೀಸ್ಟಾರ್ಟ್ ಮಾಡು ಎನ್ನುತ್ತದೆ. ಇದು ನಿಜವಾಗಿ ಬೇಕೇ? ಯಂತ್ರವನ್ನು ನಿಲ್ಲಿಸದೆ ಇದನ್ನು ಮಾಡಲು ಬಾರದೇ?" ಪ್ರಶ್ನೆ ಸಣ್ಣದಾಗಿ ಕಂಡರೂ ಸಣ್ಣದಲ್ಲ. ಅದು ಎಷ್ಟು ದೊಡ್ಡದೆಂದು ನಮಗೆ ತಿಳಿದದ್ದು ತಿಕೋಟಾದ ಕಡೆಯ ಒಂದು ಸಂಘದ ಕೌಂಟರಿನ ಮುಂದೆ.

ಕೌಂಟರಿನ ಮುಂದೆ ಕಂಡದ್ದು

ವಿಜಯಪುರ ನಗರದಿಂದ ಅಥಣಿಯ ರಸ್ತೆ ಹಿಡಿದರೆ ತಿಕೋಟಾ ಸಿಗುತ್ತದೆ; ಜಮಖಂಡಿಯ ರಸ್ತೆ ಹಿಡಿದರೆ ಬಬಲೇಶ್ವರ. ಎರಡೂ ಈಗ ತಾಲ್ಲೂಕು ಕೇಂದ್ರಗಳು. ಆ ಭಾಗದ ಒಂದು ಸಹಕಾರಿ ಸಂಘದ ಕಚೇರಿಗೆ ನಾವು ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಹೋದೆವು. ಹೆಸರು ಇಲ್ಲಿ ಅನಾವಶ್ಯಕ; ಇಂಥದು ಯಾವ ಊರಿನಲ್ಲೂ ನಡೆಯಬಹುದು.

ಹೊರಗೆ ಬಿಸಿಲು ಸುಡುತ್ತಿತ್ತು. ಒಳಗೆ ಏಳೆಂಟು ಜನ ಸಾಲಿನಲ್ಲಿ ನಿಂತಿದ್ದರು. ಎಲ್ಲರ ಮುಂದೆ ಇದ್ದವರು ವಯಸ್ಸಾದ ಒಬ್ಬ ದ್ರಾಕ್ಷಿ ಬೆಳೆಗಾರರು. ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಒಣದ್ರಾಕ್ಷಿ ಮಾರಿ ತಂದ ಹಣ. ಕೌಂಟರಿನ ಹಿಂದೆ ಕಂಪ್ಯೂಟರಿನ ಪರದೆಯ ಮೇಲೆ ಚುಕ್ಕೆಗಳ ಒಂದು ಉಂಗುರ ಸುತ್ತುತ್ತಿತ್ತು. ಅದರ ಕೆಳಗೆ, ಯಂತ್ರವನ್ನು ಆಫ್ ಮಾಡಬೇಡಿ ಎಂಬ ಸೂಚನೆ.

"ಕಾಕಾ, ಸ್ವಲ್ಪ ತಡೀರಿ. ಕಂಪ್ಯೂಟರ್ ಅಪ್‌ಡೇಟ್ ಆಗಾಕತ್ತೈತಿ. ಮುಗಿಯೂತನಾ ಮುಟ್ಟಂಗಿಲ್ಲ," ಎಂದರು ಗುಮಾಸ್ತರು.

"ಇವತ್ತ ನಂದು ಕಡೀ ದಿನ ಐತೋ ತಮ್ಮಾ. ರೊಕ್ಕಾ ತಂದೀನಿ, ನಾ ಬಂದೀನಿ. ನಿನ್ನ ಮಷಿನ್ನಿಗಿ ಇವತ್ತ ಯಾಕ ಬೇಕಾಗಿತ್ತು ಇದು?"

"ನಾ ಏನ್ ಹೇಳೀನೇನ್ರಿ ಅದಕ್ಕ? ಹದಿನೈದು ದಿನಾ ಕೇಳ್ತು, ನಾಳಿ ಅಂತ ಒತ್ತಿದೆ. ಇವತ್ತ ಕೇಳಲೇ ಇಲ್ಲ."

ಕಡೆಯ ದಿನವೆಂದರೆ ಏನೆಂಬುದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಾಜ್ಯದಲ್ಲಿ ಸಹಕಾರಿ ಸಂಘಗಳ ಮೂಲಕ ಕೊಡುವ ಬಡ್ಡಿಯಿಲ್ಲದ ಅಲ್ಪಾವಧಿ ಬೆಳೆ ಸಾಲದ ಮಿತಿಯನ್ನು 2023-24ರ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಆದರೆ ಈ ಸೌಲಭ್ಯ ವಾಯಿದೆಯೊಳಗೆ ಸಾಲ ತೀರಿಸಿದವರಿಗೆ ಮಾತ್ರ. ವಾಯಿದೆ ತಪ್ಪಿತೆಂದರೆ ಬಡ್ಡಿ ಬೀಳುತ್ತದೆ. ಸಾಲಗಾರನಲ್ಲಿ ಹಣವಿದ್ದು, ಮನಸ್ಸಿದ್ದು, ಕೌಂಟರಿನ ಮುಂದೆ ಅವನೇ ನಿಂತಿದ್ದು, ನಡುವೆ ಸುತ್ತುವ ಉಂಗುರವೊಂದು ಅಡ್ಡ ಬಂದರೆ ತಪ್ಪು ಯಾರದು?

ಸಂಘದ ಕಾರ್ಯದರ್ಶಿಗಳು ಅನುಭವಸ್ಥರು. ಬೀರುವಿನಿಂದ ಹಳೆಯ ರಸೀದಿ ಪುಸ್ತಕ ತೆಗೆದರು. ಕಾರ್ಬನ್ ಹಾಳೆ ಇಟ್ಟು, ಹಣ ಎಣಿಸಿ, ದಿನಾಂಕದ ಜೊತೆಗೆ ಗಂಟೆಯನ್ನೂ ಬರೆದು, ಸಹಿ ಹಾಕಿ ಕೊಟ್ಟರು. ಯಂತ್ರವು ಐದಕ್ಕೆ ಇಪ್ಪತ್ತು ನಿಮಿಷ ಇರುವಾಗ ಎಚ್ಚರವಾಯಿತು. ಅಂದಿನ ಜಮೆ ಅಂದೇ ಏರಿತು. ಬೆಳೆಗಾರರು ರಸೀದಿಯನ್ನು ಮಡಚಿ ಟೊಪ್ಪಿಗೆಯೊಳಗೆ ಇಟ್ಟುಕೊಂಡು ಹೋದರು. ಅವರ ಬಸ್ಸು ತಪ್ಪಿತ್ತು, ವಾಯಿದೆ ತಪ್ಪಲಿಲ್ಲ.

ಅಂದು ರಾತ್ರಿ ವಿಜಯಪುರದ ವಸತಿಗೃಹದಲ್ಲಿ ಕುಳಿತು ನಾವು ಇದನ್ನೇ ಚರ್ಚಿಸಿದೆವು. ಅಪ್‌ಡೇಟಿಗಾಗಿ ಕಂಪ್ಯೂಟರನ್ನು ನಿಲ್ಲಿಸಿ ಮತ್ತೆ ಚಾಲು ಮಾಡಲೇಬೇಕೇ? ಉತ್ತರ ತಿಳಿಯಬೇಕಾದರೆ ಯಂತ್ರದೊಳಗೆ ಆಗುವುದೇನೆಂಬುದನ್ನು ಮೊದಲು ನೋಡಬೇಕು.

ಬೀರು ಮತ್ತು ಮೇಜು

ಒಂದು ಸಂಘದ ಕಚೇರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೀರುವಿನಲ್ಲಿ ಉಪನಿಯಮಗಳ ಪುಸ್ತಕ, ಬಡ್ಡಿಯ ಕೋಷ್ಟಕ ಇರುತ್ತವೆ. ಬೆಳಿಗ್ಗೆ ಗುಮಾಸ್ತರು ಬಂದು ತಮಗೆ ಬೇಕಾದ ಪುಟಗಳನ್ನು ಪ್ರತಿ ಮಾಡಿಕೊಂಡು ಮೇಜಿನ ಮೇಲೆ ಇಟ್ಟುಕೊಂಡು ಕೆಲಸ ಆರಂಭಿಸುತ್ತಾರೆ. ಕಂಪ್ಯೂಟರಿನಲ್ಲಿ ಬೀರು ಎಂದರೆ ಡಿಸ್ಕ್. ವಿದ್ಯುತ್ ಹೋದರೂ ಅದರಲ್ಲಿರುವುದು ಉಳಿಯುತ್ತದೆ. ಮೇಜು ಎಂದರೆ ಮೆಮೊರಿ. ವಿದ್ಯುತ್ ಹೋದರೆ ಅದು ಬರಿದಾಗುತ್ತದೆ. ಯಂತ್ರವು ಕೆಲಸ ಮಾಡುವುದು ಮೇಜಿನ ಮೇಲಿನ ಪ್ರತಿಯನ್ನು ನೋಡಿಕೊಂಡು.

ಅಪ್‌ಡೇಟ್ ಎಂದರೆ ಬೀರುವಿನಲ್ಲಿರುವ ಹಳೆಯ ಪುಸ್ತಕ ತೆಗೆದು ಹೊಸದನ್ನು ಇಡುವುದು. ಇಟ್ಟದ್ದಾಯಿತು. ಆದರೆ ಮೇಜಿನ ಮೇಲೆ ಇರುವುದು ಹಳೆಯ ಪುಟವೇ ಅಲ್ಲವೇ? ಗುಮಾಸ್ತರು ಎದ್ದು, ಹಳೆಯ ಪುಟವನ್ನು ಬಿಸಾಡಿ, ಹೊಸದನ್ನು ತಂದುಕೊಳ್ಳುವವರೆಗೂ ಕೆಲಸ ಹಳೆಯ ನಿಯಮದಂತೆಯೇ ನಡೆಯುತ್ತದೆ. ಮೂವರು ಗುಮಾಸ್ತರಲ್ಲಿ ಇಬ್ಬರು ಹಳೆಯ ಕೋಷ್ಟಕದಲ್ಲಿ, ಒಬ್ಬರು ಹೊಸದರಲ್ಲಿ ಬಡ್ಡಿ ಹಾಕಿದರೆ ಸಂಜೆಯ ಲೆಕ್ಕ ತಾಳೆ ಬೀಳುವುದಿಲ್ಲ. ಹೀಗೆ ಅರ್ಧ ಹಳತು ಅರ್ಧ ಹೊಸತು ಆಗಬಾರದೆಂದೇ, ಎಲ್ಲರೂ ಒಮ್ಮೆ ಎದ್ದು ಮತ್ತೆ ಕೂರಿರೆಂದು ಯಂತ್ರವು ಕೇಳುತ್ತದೆ. ಇದೇ ಮರುಚಾಲನೆ, ಅಂದರೆ ರೀಸ್ಟಾರ್ಟ್.

ಇಲ್ಲಿ ಎರಡು ಪದ್ಧತಿಗಳಿವೆ. ನಮ್ಮ ಬಹುಪಾಲು ಕಚೇರಿಗಳಲ್ಲಿರುವ ವಿಂಡೋಸ್ ವ್ಯವಸ್ಥೆಯಲ್ಲಿ, ಯಾರಾದರೂ ಬಳಸುತ್ತಿರುವ ಕಡತವನ್ನು ಸಾಮಾನ್ಯವಾಗಿ ಬದಲಾಯಿಸಲು ಬಿಡುವುದಿಲ್ಲ. ಆದುದರಿಂದ ಅದು "ನಾಳೆ ಬೆಳಿಗ್ಗೆ ಕಚೇರಿ ತೆರೆಯುವ ಮುಂಚೆ ಈ ಪುಸ್ತಕಗಳನ್ನು ಬದಲಿಸು" ಎಂದು ಚೀಟಿ ಬರೆದಿಟ್ಟುಕೊಳ್ಳುತ್ತದೆ. ಮರುಚಾಲನೆಯ ಹೊತ್ತಿನಲ್ಲಿ, ಯಾರೂ ಪುಸ್ತಕ ಮುಟ್ಟುವ ಮೊದಲು, ಬದಲಾವಣೆ ನಡೆಯುತ್ತದೆ. ಲಿನಕ್ಸ್ ಪದ್ಧತಿ ಬೇರೆ. ಅದು ಹೊಸ ಪುಸ್ತಕವನ್ನು ತಕ್ಷಣ ಬೀರುವಿನಲ್ಲಿ ಇಡುತ್ತದೆ. ಹಳೆಯದನ್ನು ಹಿಡಿದುಕೊಂಡವನು ಕೆಲಸ ಮುಗಿಸಿ ಕೆಳಗಿಡುವವರೆಗೆ ಅದು ಅವನ ಕೈಯಲ್ಲೇ ಉಳಿಯುತ್ತದೆ.

ಲಿನಕ್ಸಿನಲ್ಲಿ ಮರುಚಾಲನೆಯ ಕಾಟ ಕಡಿಮೆ ಎಂದು ಹೇಳುವವರ ಮಾತು ಇಷ್ಟರ ಮಟ್ಟಿಗೆ ನಿಜ. ಆದರೆ ಒಂದು ಎಚ್ಚರ ಅಗತ್ಯ. ಯಂತ್ರ ಕೇಳಲಿಲ್ಲ ಎಂದ ಮಾತ್ರಕ್ಕೆ ಕೆಲಸ ಮುಗಿಯಿತೆಂದಲ್ಲ. ಕಳ್ಳಗಿಂಡಿ ಮುಚ್ಚುವ ತಿದ್ದುಪಡಿ ಬೀರುವಿಗೆ ಬಂದಿದ್ದರೂ ಮೇಜಿನ ಮೇಲಿನ ಹಳೆಯ ಪ್ರತಿಯಲ್ಲಿ ಗಿಂಡಿ ತೆರೆದೇ ಇರುತ್ತದೆ. ಆ ಕಾರ್ಯಕ್ರಮವನ್ನಾದರೂ ಮುಚ್ಚಿ ತೆರೆಯಲೇಬೇಕು. ಇಡೀ ಕಚೇರಿಯನ್ನು ಎಬ್ಬಿಸುವುದಕ್ಕೂ ಒಬ್ಬ ಗುಮಾಸ್ತರನ್ನು ಎಬ್ಬಿಸುವುದಕ್ಕೂ ವ್ಯತ್ಯಾಸವಿದೆ. ಯಾರನ್ನೂ ಎಬ್ಬಿಸದೆ ಹೊಸ ನಿಯಮ ಜಾರಿಯಾಗುವುದು ಅಪರೂಪ.

ನಿಲ್ಲಿಸದೆ ಬದಲಾಯಿಸುವ ಉಪಾಯಗಳು

ಅಪರೂಪವೆಂದೆವು, ಅಸಾಧ್ಯವೆನ್ನಲಿಲ್ಲ. ನಿಲ್ಲಿಸಬಾರದ ಯಂತ್ರಗಳೂ ಇವೆ. ದೂರವಾಣಿ ವಿನಿಮಯ ಕೇಂದ್ರವನ್ನು ನೋಡಿ. ನಮ್ಮ ದೇಶದಲ್ಲೇ ಸಿ-ಡಾಟ್ ಸಂಸ್ಥೆ ರೂಪಿಸಿದ ಮೊದಲ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ 1986ರಲ್ಲಿ ಆರಂಭವಾದದ್ದು ನಮ್ಮ ಕಿತ್ತೂರಿನಲ್ಲಿ. ದೊಡ್ಡ ವಿನಿಮಯ ಕೇಂದ್ರಗಳಲ್ಲಿ ನಡೆಸುವ ಘಟಕಗಳು ಜೋಡಿಯಾಗಿರುತ್ತವೆ. ಒಂದು ಕೆಲಸದಲ್ಲಿದ್ದಾಗ ಇನ್ನೊಂದು ಕಾದು ನಿಂತಿರುತ್ತದೆ. ಸ್ವೀಡನ್ನಿನ ಎರಿಕ್ಸನ್ ಕಂಪನಿಯವರು ಮಾತುಕತೆ ಕಡಿಯದಂತೆ ಒಳಗಿನ ಆದೇಶಗಳನ್ನು ಬದಲಾಯಿಸಲು ಅನುಕೂಲವಾಗಲೆಂದು ಎರ್ಲಾಂಗ್ ಎಂಬ ಪ್ರತ್ಯೇಕ ಗಣಕ ಭಾಷೆಯನ್ನೇ 1980ರ ದಶಕದಲ್ಲಿ ಸಿದ್ಧಪಡಿಸಿದರು.

ಇಂಥ ಉಪಾಯಗಳು ಮುಖ್ಯವಾಗಿ ಮೂರು.

ಮೊದಲನೆಯದು ಚೀಟಿ ಅಂಟಿಸುವ ಉಪಾಯ. ಪುಸ್ತಕವನ್ನು ಬದಲಿಸದೆ, ತಪ್ಪಿರುವ ಪುಟದ ಮೊದಲ ಸಾಲಿನಲ್ಲೇ "ಇದನ್ನು ಓದಬೇಡ, ಅಲ್ಲಿರುವ ಹೊಸ ಹಾಳೆ ಓದು" ಎಂಬ ಚೀಟಿ ಅಂಟಿಸುವುದು. ಅಮೆರಿಕದ ಎಂ.ಐ.ಟಿ.ಯ ಕೆಲವು ವಿದ್ಯಾರ್ಥಿಗಳು ಕೆಸ್ಪ್ಲೈಸ್ ಎಂಬ ಹೆಸರಿನಲ್ಲಿ ಇದನ್ನು ಲಿನಕ್ಸಿನ ತಿರುಳಿಗೇ, ಅಂದರೆ ಕರ್ನಲ್ಲಿಗೇ, ಮಾಡಿ ತೋರಿಸಿದರು. 2015ರ ಏಪ್ರಿಲ್‌ನಲ್ಲಿ ಬಂದ ಲಿನಕ್ಸ್ 4.0 ಆವೃತ್ತಿಯಲ್ಲಿ ಇಂಥ ತಿದ್ದುಪಡಿಗೆ ಬೇಕಾದ ತಳಹದಿ ಸೇರಿತು. ಆದರೆ ಚೀಟಿಯ ಮೇಲೆ ಚೀಟಿ ಅಂಟಿಸುತ್ತ ಹೋದರೆ ಪುಸ್ತಕ ಓದುವಂತಿರುವುದಿಲ್ಲ. ಲೆಡ್ಜರಿನ ಕಾಲಂಗಳನ್ನೇ ಬದಲಾಯಿಸಬೇಕಾದಾಗ ಚೀಟಿ ಸಾಲುವುದಿಲ್ಲ. ವಿಂಡೋಸಿನಲ್ಲಿಯೂ ದೊಡ್ಡ ಸಂಸ್ಥೆಗಳಿಗೆಂದು ಇರುವ ಆವೃತ್ತಿಗಳಲ್ಲಿ 2025ರಿಂದ ಈ ಬಗೆಯ ಸೌಲಭ್ಯ ದೊರೆಯುತ್ತಿದೆ. ಅಲ್ಲಿಯೂ ಮೂರು ತಿಂಗಳಿಗೊಮ್ಮೆ ಮರುಚಾಲನೆ ಬೇಕು. ಹನ್ನೆರಡು ಇದ್ದದ್ದು ನಾಲ್ಕಾಯಿತು, ಸೊನ್ನೆಯಾಗಲಿಲ್ಲ.

ಎರಡನೆಯದು ಪಂಪಿನ ಉಪಾಯ. ಬಬಲೇಶ್ವರದ ಕಡೆಗೆ ಕೃಷ್ಣಾ ನದಿಯ ನೀರನ್ನು ತುಬಚಿಯಿಂದ ಎತ್ತಿ ತರುವ ಏತ ನೀರಾವರಿಯ ಹೆಸರನ್ನು ನೀವು ಕೇಳಿರಬಹುದು. ಇಂಥ ಯೋಜನೆಗಳ ಪಂಪ್‌ಹೌಸಿನಲ್ಲಿ ಒಂದೇ ಪಂಪು ಇಟ್ಟು ಕೂರುವುದಿಲ್ಲ. ಒಂದನ್ನು ಬಿಚ್ಚಿ ಬೇರಿಂಗ್ ಹಾಕುವಾಗ ಉಳಿದವು ಎತ್ತುತ್ತಿರುತ್ತವೆ. ದೊಡ್ಡ ಬ್ಯಾಂಕುಗಳ, ರೈಲ್ವೆ ಟಿಕೆಟ್ಟಿನ ಕಂಪ್ಯೂಟರ್ ಕೇಂದ್ರಗಳಲ್ಲೂ ಇದೇ ಕ್ರಮ. ಹತ್ತು ಯಂತ್ರಗಳಲ್ಲಿ ಒಂದನ್ನು ಸಾಲಿನಿಂದ ಹೊರತೆಗೆದು, ಹೊಸದು ಮಾಡಿ, ಮರುಚಾಲನೆ ಮಾಡಿ, ಮತ್ತೆ ಸಾಲಿಗೆ ಸೇರಿಸಿ, ಆಮೇಲೆ ಎರಡನೆಯದಕ್ಕೆ ಕೈ ಹಾಕುತ್ತಾರೆ. ಪ್ರತಿಯೊಂದು ಯಂತ್ರವೂ ನಿಲ್ಲುತ್ತದೆ, ಸೇವೆ ನಿಲ್ಲುವುದಿಲ್ಲ. ತಿಕೋಟಾದ ಸಂಘದಲ್ಲಿ ಇದ್ದದ್ದು ಒಂದೇ ಪಂಪು, ಅದೇ ತೊಂದರೆ.

ಮೂರನೆಯದು ಎರಡು ಮಡಿಗಳ ಉಪಾಯ. ನಮ್ಮ ನರ್ಸರಿಯಲ್ಲಿ ಒಂದು ಮಡಿಯಲ್ಲಿ ಸಸಿಗಳಿರುವಾಗಲೇ ಪಕ್ಕದ ಮಡಿಯನ್ನು ಹದ ಮಾಡುತ್ತೇವಷ್ಟೆ. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಮೊಬೈಲ್ ಫೋನುಗಳಲ್ಲಿ ಈ ಸೌಕರ್ಯ ಸೇರಿತು. ನೀವು ಫೋನಿನಲ್ಲಿ ಮಾತನಾಡುತ್ತಿರುವಾಗಲೇ ಹೊಸ ವ್ಯವಸ್ಥೆ ಇನ್ನೊಂದು ಮಡಿಯಲ್ಲಿ ಸಿದ್ಧವಾಗುತ್ತದೆ. ಕೊನೆಗೆ ಒಂದು ಮರುಚಾಲನೆ, ಅದೂ ಎಂದಿನಷ್ಟೇ ಹೊತ್ತು. ಹೊಸದು ಏಳದಿದ್ದರೆ ಹಳೆಯ ಮಡಿಗೆ ಹಿಂದಿರುಗುವ ದಾರಿಯೂ ಉಂಟು. ಇಲ್ಲಿ ಮರುಚಾಲನೆ ತಪ್ಪಲಿಲ್ಲ, ಕಾಯುವುದು ತಪ್ಪಿತು. ನಮ್ಮ ಅಭಿಪ್ರಾಯದಲ್ಲಿ ಸಣ್ಣ ಕಚೇರಿಗೆ ಒಪ್ಪುವ ಉಪಾಯ ಇದೇ.

ನಿಲ್ಲಿಸದೆ ಇದ್ದುದರ ಹಾನಿ

ಮರುಚಾಲನೆಯೇ ಬೇಡ ಎನ್ನುವವರು ಮುಂದಿನ ಎರಡು ಸಂಗತಿಗಳನ್ನು ಗಮನಿಸಬೇಕು.

1991ರ ಫೆಬ್ರವರಿ 25ರಂದು ಕೊಲ್ಲಿ ಯುದ್ಧದ ಕಾಲದಲ್ಲಿ ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯು ಎದುರಿನಿಂದ ಬಂದ ಕ್ಷಿಪಣಿಯನ್ನು ತಡೆಯಲಿಲ್ಲ. 28 ಸೈನಿಕರು ಸತ್ತರು. ತನಿಖೆಯಲ್ಲಿ ತಿಳಿದದ್ದೇನೆಂದರೆ, ಆ ಯಂತ್ರವು ನೂರು ಗಂಟೆಗೂ ಹೆಚ್ಚು ಕಾಲ ನಿಲ್ಲದೆ ಓಡುತ್ತಿತ್ತು. ಅದರ ಕಾಲಗಣನೆಯಲ್ಲಿದ್ದ ಅತಿ ಸೂಕ್ಷ್ಮ ದೋಷವು ಗಂಟೆ ಗಂಟೆಗೂ ಬೆಳೆದು ಸುಮಾರು ಮೂರನೇ ಒಂದು ಸೆಕೆಂಡಿನಷ್ಟಾಗಿತ್ತು. ನಿಲ್ಲಿಸಿ ಹಚ್ಚಿದ್ದರೆ ಗಡಿಯಾರ ಸೊನ್ನೆಯಿಂದ ಆರಂಭವಾಗುತ್ತಿತ್ತು. ಬಹಳ ಹೊತ್ತು ಓಡಿಸಿದರೆ ತೊಂದರೆಯಾದೀತು ಎಂಬ ಸೂಚನೆ ಕೆಲವು ದಿನ ಮೊದಲೇ ಹೋಗಿತ್ತು. ಆದರೆ ಬಹಳ ಹೊತ್ತು ಎಂದರೆ ಎಷ್ಟು ಗಂಟೆ ಎಂದು ಅದರಲ್ಲಿ ಹೇಳಿರಲಿಲ್ಲ. ತಿದ್ದಿದ ತಂತ್ರಾಂಶ ಅಲ್ಲಿಗೆ ತಲುಪಿದ್ದು ಮರುದಿನ.

ಎರಡನೆಯದು ನಮಗೆ ಹತ್ತಿರದ್ದು. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸಿನ ಒಂದು ದೋಷಕ್ಕೆ ತಿದ್ದುಪಡಿ ಕೊಟ್ಟಿತು. ಅದೇ ಮೇ 12ರಂದು ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಆ ದೋಷದ ಮೂಲಕವೇ ನುಗ್ಗಿ, ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ನಡುವೆ ಇದ್ದ ಅವಧಿ 59 ದಿನ. ಆ 59 ದಿನಗಳಲ್ಲಿ "ನಾಳೆ" ಎಂದು ಒತ್ತಿದವರ ಕತೆ ನಮ್ಮ ಗುಮಾಸ್ತರ ಕತೆಯೇ. ತೋಟಕ್ಕೆ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಹೊಡೆಯಬೇಕು. ಕೊಳೆ ಬಂದ ಮೇಲೆ ಹೊಡೆದು ಫಲವೇನು?

ನಿಲ್ಲಿಸದೆ ಮಾಡಿದುದರ ಹಾನಿ

ಇನ್ನೊಂದು ಮಗ್ಗುಲನ್ನೂ ನೋಡಬೇಕು. 2024ರ ಜುಲೈ 19, ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಕಂಪನಿಯು ಓಡುತ್ತಿರುವ ಯಂತ್ರಗಳಿಗೇ ಒಂದು ಸಣ್ಣ ಅಪ್‌ಡೇಟ್ ಕಳುಹಿಸಿತು. ಬಳಸುವವರನ್ನು ಕೇಳಲಿಲ್ಲ, ಮರುಚಾಲನೆಯೂ ಬೇಕಿರಲಿಲ್ಲ. ಅದರಲ್ಲಿ ದೋಷವಿತ್ತು. ನಮ್ಮ ಗಡಿಯಾರದ ಪ್ರಕಾರ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಬಿಟ್ಟದ್ದನ್ನು 78 ನಿಮಿಷಗಳಲ್ಲಿ ಹಿಂದಕ್ಕೆ ಪಡೆದರು. ಅಷ್ಟರಲ್ಲಿ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಸಿದಿದ್ದವು. ಬೆಂಗಳೂರು ಸೇರಿದಂತೆ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ತೊಂದರೆಯಾಗಿ, ಕೆಲವೆಡೆ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಕೊನೆಗೆ ಅನೇಕ ಯಂತ್ರಗಳನ್ನು ಒಂದೊಂದಾಗಿ ಕೈಯಿಂದಲೇ ಮತ್ತೆ ಮತ್ತೆ ಮರುಚಾಲನೆ ಮಾಡಿ ಸರಿಪಡಿಸಬೇಕಾಯಿತು.

ಆದುದರಿಂದ ಮರುಚಾಲನೆ ಕೇಳದ ಅಪ್‌ಡೇಟ್ ಎಂದರೆ ಅಪಾಯವಿಲ್ಲದ ಅಪ್‌ಡೇಟ್ ಎಂದು ತಿಳಿಯಬಾರದು. ಮರುಚಾಲನೆಯಲ್ಲಿ ಒಂದು ಗುಣವಿದೆ: ಈಗ ಬದಲಾವಣೆ ನಡೆಯುತ್ತಿದೆ ಎಂದು ಅದು ಮಾಲೀಕನಿಗೆ ತಿಳಿಸುತ್ತದೆ. ಹೊಸದು ಸರಿಯಾಗಿ ಎದ್ದಿತೋ ಇಲ್ಲವೋ ಎಂಬುದು ಅಲ್ಲೇ, ಅವನ ಕಣ್ಣ ಮುಂದೆಯೇ ಗೊತ್ತಾಗುತ್ತದೆ.

ಚಾಟ್ನಿಯ ಲೆಕ್ಕ

ಮರುದಿನ ತಿಕೋಟಾದ ಒಂದು ತೋಟದಲ್ಲಿ ನಾವು ಈ ಮಾತನ್ನೆತ್ತಿದೆವು. ಅಲ್ಲಿ ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ. ಅದಕ್ಕೆ ಆ ಕಡೆ ಚಾಟ್ನಿ ಎನ್ನುತ್ತಾರೆ. ನಮ್ಮ ಕಾಫಿ ತೋಟದ ಕಪಾತಿನಂತೆ. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಯಲು, ಅಕ್ಟೋಬರ್ ಚಾಟ್ನಿ ಹಣ್ಣು ಹಿಡಿಯಲು. ಬಳ್ಳಿ ಬೋಳಾಗಿ ನಿಲ್ಲುತ್ತದೆ, ಮತ್ತೆ ಚಿಗುರುತ್ತದೆ.

"ಚಾಟ್ನಿ ಮಾಡದ ಬಿಟ್ರ ಏನಾಗ್ತೈತ್ರಿ?" ಎಂದು ನಮ್ಮವರೊಬ್ಬರು ಅವರದೇ ಮಾತಿನಲ್ಲಿ ಕೇಳಲು ಪ್ರಯತ್ನಿಸಿದರು.

ತೋಟದವರು ನಕ್ಕರು. "ಬಳ್ಳಿ ಇರ್ತೈತ್ರಿ, ಬೆಳಿ ಇರಂಗಿಲ್ಲ. ಆದ್ರ ಚಾಟ್ನಿ ಯಾವತ್ತ ಅನ್ನೂದು ನಾವು ಹೇಳ್ಬೇಕ್ರಿ. ಕತ್ರಿ ಹೇಳಬಾರದು."

ಇಡೀ ವಿಷಯದ ಸಾರ ಇದರಲ್ಲಿ ಬಂದಿತೆಂದು ನಮಗೆ ಅನ್ನಿಸಿತು. ನಿಲ್ಲಿಸಬೇಕೋ ಬೇಡವೋ ಎಂಬುದು ಬಹುಮಟ್ಟಿಗೆ ಯಂತ್ರದ ಪ್ರಶ್ನೆ. ತಿರುಳಿನ ಬದಲಾವಣೆಗೆ ಬೇಕು, ಮೇಲುಮೇಲಿನದಕ್ಕೆ ಬೇಡ. ಯಾವಾಗ ನಿಲ್ಲಿಸಬೇಕು ಎಂಬುದು ಮಾಲೀಕನ ಪ್ರಶ್ನೆ. ಅದನ್ನು ಯಂತ್ರಕ್ಕೆ ಬಿಡಬಾರದು. ಹಾಗೆಯೇ, ದಿನ ನಿಶ್ಚಯಿಸುವ ಹಕ್ಕು ಕೇಳುವವನು ನಿಶ್ಚಯಿಸಿದ ದಿನ ಕತ್ತರಿ ಹಿಡಿಯಲೂಬೇಕು. ನಮ್ಮ ಗುಮಾಸ್ತರು ಹದಿನೈದು ದಿನ ಮುಂದೂಡಿದ್ದರು. ಅಲ್ಲದೆ, ಕಚೇರಿ ಮುಚ್ಚಿದೊಡನೆ ಮೇನ್ ಸ್ವಿಚ್ ಆರಿಸುವ ರೂಢಿ ಅಲ್ಲಿತ್ತು. ರಾತ್ರಿ ಯಂತ್ರಕ್ಕೆ ಬಿಡುವು ಸಿಗಲಿಲ್ಲ. ಹಗಲಿನಲ್ಲಿ ಅದೇ ಬಿಡುವು ತೆಗೆದುಕೊಂಡಿತು.

ಹಿಂತಿರುಗುವ ಮುನ್ನ ವಿಜಯಪುರ ನಗರದಲ್ಲಿ ಆದಿಲ್‌ಶಾಹಿ ಕಾಲದ ನೀರಿನ ಗೋಪುರಗಳನ್ನು ನೋಡಿದೆವು. ಬೇಗಂ ತಲಾಬ್, ತೊರವಿಯ ಕಡೆಯಿಂದ ನೆಲದೊಳಗೆ ನಗರಕ್ಕೆ ನೀರು ತರುವಾಗ, ದಾರಿಯಲ್ಲಿ ಒತ್ತಡ ಇಳಿಯಲೆಂದು, ಕೆಸರು ತಳದಲ್ಲಿ ನಿಲ್ಲಲೆಂದು ಈ ಗೋಪುರಗಳನ್ನು ಕಟ್ಟಿದ್ದರು. ಹರಿಯುವುದರಲ್ಲಿ ಕೆಸರು ಕೂಡುತ್ತದೆ ಎಂಬುದನ್ನು ಅವರು ಮೊದಲೇ ಲೆಕ್ಕ ಹಾಕಿ, ಅದಕ್ಕೊಂದು ಜಾಗ ಮಾಡಿಯೇ ಕೊಳವೆ ಹಾಕಿದರು. ಕಂಪ್ಯೂಟರ್ ವ್ಯವಸ್ಥೆ ತರುವಾಗ ನಾವೂ ಹಾಗೆಯೇ ಮರುಚಾಲನೆಯ ಹೊತ್ತನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ನಮಗೆ ಇದು ಯಾಕೆ ಬೇಕು?

1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಆರಂಭವಾದ ಕೃಷಿ ಪತ್ತಿನ ಸಹಕಾರಿ ಸಂಘದಿಂದ ಇಲ್ಲಿಯವರೆಗೆ ನಮ್ಮ ಸಂಘಗಳು ನಡೆದದ್ದು ಲೆಡ್ಜರಿನ ಬಲದ ಮೇಲೆ. ಲೆಡ್ಜರಿಗೆ ಮರುಚಾಲನೆ ಇರಲಿಲ್ಲ. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ನಮ್ಮ ಅಡಿಕೆಯ ಮಾರಾಟವೂ ಬದಲಾಗಿದೆ. 2014ರಲ್ಲಿ ರಾಜ್ಯದಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲಿ ವರ್ತಕರು ಗಣಕಯಂತ್ರದ ಮೂಲಕ, ಗೊತ್ತಾದ ಗಂಟೆಯೊಳಗೆ ದರ ನಮೂದಿಸುತ್ತಾರೆ. ಟೆಂಡರಿನ ಹೊತ್ತಿಗೆ ಒಬ್ಬ ವರ್ತಕನ ಯಂತ್ರ ಅಪ್‌ಡೇಟಿಗೆ ಕುಳಿತರೆ ನಮ್ಮ ರಾಶಿ ಅಡಿಕೆಗೆ ಒಂದು ದರ ಕಡಿಮೆ ಬಿತ್ತೆಂದೇ ಅರ್ಥ. ಉಂಗುರ ಸುತ್ತುವುದು ಅವನ ಪರದೆಯ ಮೇಲಾದರೂ ನಷ್ಟ ತಟ್ಟುವುದು ನಮಗೆ.

ಸಂಘಗಳಿಗೆ ಸಲಹೆಗಳು

1. ದಿನ ನಿಗದಿ ಮಾಡಿ. ಮೈಕ್ರೋಸಾಫ್ಟ್ ತನ್ನ ಮುಖ್ಯ ತಿದ್ದುಪಡಿಗಳನ್ನು ಪ್ರತಿ ತಿಂಗಳ ಎರಡನೇ ಮಂಗಳವಾರ ಬಿಡುತ್ತದೆ; ನಮಗೆ ಅದು ಆ ರಾತ್ರಿ ಅಥವಾ ಬುಧವಾರ ತಲುಪುತ್ತದೆ. ಅದರ ನಂತರದ ಶನಿವಾರ ಸಂಜೆ, ವ್ಯವಹಾರ ಮುಗಿದ ಮೇಲೆ ಅಪ್‌ಡೇಟ್ ಮತ್ತು ಮರುಚಾಲನೆ ಮಾಡಿ ಮನೆಗೆ ಹೋಗಿ. ದಿನಚರಿಯಲ್ಲಿ ಬರೆದಿಡಿ.

2. ಕೆಲಸದ ಹೊತ್ತನ್ನು ಯಂತ್ರಕ್ಕೆ ತಿಳಿಸಿ. ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಎಂಬಲ್ಲಿ ಆಕ್ಟಿವ್ ಅವರ್ಸ್ ಎಂದಿದೆ. ಅಲ್ಲಿ 18 ಗಂಟೆಗಳವರೆಗೆ ನಿಗದಿ ಮಾಡಬಹುದು. ಮಾರ್ಚ್ ಕಡೆಯ ವಾರದಂಥ ಒತ್ತಡದ ದಿನಗಳಿಗೆ ಮೊದಲೇ ಅಪ್‌ಡೇಟ್ ಮುಗಿಸಿ, ಆ ವಾರ ಮಾತ್ರ ಪಾಸ್ ಎಂಬುದನ್ನು ಒತ್ತಿ ತಡೆಹಿಡಿಯಿರಿ.

3. ಶಟ್ ಡೌನ್ ಬೇರೆ, ರೀಸ್ಟಾರ್ಟ್ ಬೇರೆ. ಇದು ಅನೇಕರಿಗೆ ತಿಳಿಯದ ಸಂಗತಿ. ಬೇಗ ಏಳಲೆಂದು ವಿಂಡೋಸ್ 8ರ ಕಾಲದಿಂದ ಯಂತ್ರವು ಶಟ್ ಡೌನ್ ಆಗುವಾಗ ತನ್ನ ತಿರುಳಿನ ಸ್ಥಿತಿಯನ್ನು ಬೀರುವಿನಲ್ಲಿ ಬರೆದಿಟ್ಟು, ಬೆಳಿಗ್ಗೆ ಅದನ್ನೇ ಎತ್ತಿಕೊಳ್ಳುತ್ತದೆ. "ನಾವು ದಿನಾ ಆಫ್ ಮಾಡುತ್ತೇವಲ್ಲ" ಎಂದರೆ ಸಾಲದು. ವಾರಕ್ಕೊಮ್ಮೆಯಾದರೂ ರೀಸ್ಟಾರ್ಟ್ ಎಂಬುದನ್ನೇ ಒತ್ತಬೇಕು.

4. ಅಪ್‌ಡೇಟ್ ನಡೆಯುವಾಗ ವಿದ್ಯುತ್ ಕಡಿಯಬಾರದು. ಮಲೆನಾಡಿನ ಮಳೆಗಾಲದಲ್ಲಿ ಯು.ಪಿ.ಎಸ್. ಬ್ಯಾಟರಿ ಸರಿಯಿದೆಯೇ ಎಂದು ನೋಡಿಕೊಂಡೇ ಆರಂಭಿಸಿ. ಆ ದಿನ ಮೇನ್ ಸ್ವಿಚ್ ಆರಿಸಬೇಡಿ.

5. ಎರಡು ಯಂತ್ರಗಳಿದ್ದರೆ ಒಂದೇ ದಿನ ಎರಡಕ್ಕೂ ಕೈ ಹಾಕಬೇಡಿ. ಒಂದನ್ನು ಮಾಡಿ, ಒಂದೆರಡು ದಿನ ನೋಡಿ, ಆಮೇಲೆ ಇನ್ನೊಂದು.

6. ಕಾರ್ಬನ್ ಸಹಿತ ರಸೀದಿ ಪುಸ್ತಕವನ್ನು ಎಂದಿಗೂ ಎಸೆಯಬೇಡಿ. ಗಂಟೆ ಬರೆದ ಕೈಬರಹದ ರಸೀದಿಯನ್ನು ಅಂದಿನ ಜಮೆಯಾಗಿ ಒಪ್ಪಬೇಕೆಂದು ಆಡಳಿತ ಮಂಡಳಿಯಲ್ಲಿ ಠರಾವು ಮಾಡಿಡಿ.

7. ಮರುಚಾಲನೆ ಕೇಳುವುದೇ ನಿಂತಿದೆ ಎಂದು ಸಂತೋಷಪಡಬೇಡಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಅಂಥ ಯಂತ್ರ ಸುಮ್ಮನಿದ್ದರೆ ಅದು ಆರೋಗ್ಯದ ಲಕ್ಷಣವಲ್ಲ, ವೈದ್ಯರು ಬರುವುದನ್ನು ನಿಲ್ಲಿಸಿದ್ದರ ಲಕ್ಷಣ.

8. ತಂತ್ರಾಂಶ ಒದಗಿಸುವವರೊಡನೆ ಕರಾರು ಮಾಡುವಾಗ ಮೂರು ಮಾತು ಬರೆಸಿಕೊಳ್ಳಿ: ಯಾವ ಅಪ್‌ಡೇಟಿಗೆ ಮರುಚಾಲನೆ ಬೇಕೆಂದು ಮುಂಚಿತವಾಗಿ ತಿಳಿಸಬೇಕು; ಎಷ್ಟು ಹೊತ್ತು ಹಿಡಿಯುತ್ತದೆಂದು ಅಂಕಿಯಲ್ಲಿ ಹೇಳಬೇಕು; ಕೆಟ್ಟರೆ ಹಳೆಯ ಸ್ಥಿತಿಗೆ ಮರಳುವ ದಾರಿ ಇರಬೇಕು. ಒಬ್ಬ ಬೆಳೆಗಾರ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ. ಸಂಘಗಳು ಕೂಡಿ ಕೇಳಿದರೆ ಕೇಳಿಸಿಕೊಳ್ಳಲೇಬೇಕಾಗುತ್ತದೆ. ಸಹಕಾರದ ಅರ್ಥವೇ ಅದಲ್ಲವೇ?

ಅಭ್ಯಾಸ ಕೂಟಗಳಲ್ಲಿ ಚರ್ಚಿಸಲು

ಅ) ನಿಮ್ಮ ಸಂಘದ ಕಂಪ್ಯೂಟರನ್ನು ಕಡೆಯ ಸಲ ರೀಸ್ಟಾರ್ಟ್ ಮಾಡಿದ್ದು ಯಾವಾಗ? ಯಾರಿಗೆ ಗೊತ್ತಿದೆ?

ಆ) ಅದು ನಾಳೆ ಮಧ್ಯಾಹ್ನ ಎರಡು ಗಂಟೆ ನಿಂತರೆ ಸದಸ್ಯರ ಯಾವ ಯಾವ ಕೆಲಸ ನಿಲ್ಲುತ್ತದೆ? ಪಟ್ಟಿ ಮಾಡಿ.

ಇ) ಆ ಪಟ್ಟಿಯಲ್ಲಿ ಕೈಯಿಂದ ಮಾಡಬಹುದಾದವು ಯಾವುವು? ಅವಕ್ಕೆ ಬೇಕಾದ ಪುಸ್ತಕ, ನಮೂನೆ ಬೀರುವಿನಲ್ಲಿ ಇವೆಯೇ?

ಈ ಪ್ರಶ್ನೆಗಳಿಗೆ ಬಂದ ಉತ್ತರಗಳನ್ನು ಕಾರ್ಯದರ್ಶಿಗಳು ಬರೆದು ಕಳುಹಿಸಿದರೆ ನಾವು ಕೃತಜ್ಞರು. ಮುಂದಿನ ಸಂಚಿಕೆಯಲ್ಲಿ ತಿಕೋಟಾದ ಹನಿ ನೀರಾವರಿಯ ವಿವರಗಳನ್ನು ಕೊಡುತ್ತೇವೆ.